ಸೋಸಿದ ನೀರು, ಸುರಿದ ನೀರು

ನೀರನ್ನು ಸೋಸಿ ಬಳಸುವುದು ಶ್ರಾವಕನ ಮನೆಯ ಮೊದಲ ಗುರುತು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಸೀಮೆಯ ಜೈನ ಮನೆತನಗಳಲ್ಲಿ ಈ ಆಚಾರ ಇಂದಿಗೂ ಅಳಿದಿಲ್ಲ. ಆದರೆ ಸೋಸುವುದು ಈ ಆಚಾರದ ಪೂರ್ವಾರ್ಧ ಮಾತ್ರ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಯಾವ ಬಾವಿಯ ನೀರೋ ಆ ಬಾವಿಗೇ ಮರಳಿ ಬಿಡಬೇಕೆಂಬುದು ಅದರ ಉತ್ತರಾರ್ಧ. ಕುಡಿಯುವವನ ಆರೋಗ್ಯಕ್ಕೆ ಪೂರ್ವಾರ್ಧ ಸಾಕು. ಜೀವದಯೆಗೆ ಎರಡೂ ಬೇಕು.

ಈ ಸೀಮೆ ನದಿಗಳ ಸೀಮೆಯೂ ಹೌದು, ಮುನಿಗಳ ಸೀಮೆಯೂ ಹೌದು. ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರರ ಭೋಜ ಗ್ರಾಮ ದೂಧಗಂಗಾ ಮತ್ತು ವೇದಗಂಗಾ ನದಿಗಳ ಸಂಗಮದ ಬಳಿಯಲ್ಲಿದೆ. ಆಚಾರ್ಯ ಶ್ರೀ ವಿದ್ಯಾನಂದರು 1925ರಲ್ಲಿ ಶೇಡಬಾಳದಲ್ಲಿ ಜನಿಸಿದರು. ಆಚಾರ್ಯ ಶ್ರೀ ವಿದ್ಯಾಸಾಗರರು 1946ರಲ್ಲಿ ಸದಲಗಾದಲ್ಲಿ. ಅದೇ ನೆಲದಲ್ಲಿ ಇಂದು ಕೃಷ್ಣೆಯ ನೀರು ಕಬ್ಬಾಗುತ್ತದೆ, ಕಬ್ಬು ಸಕ್ಕರೆಯಾಗುತ್ತದೆ, ಸಕ್ಕರೆಯ ಕಾಕಂಬಿ ಮದ್ಯಸಾರವಾಗುತ್ತದೆ. ಉಗಾರ, ಕೆಂಪವಾಡ, ಕೋಕಟನೂರ, ಹಲ್ಯಾಳಗಳ ಹೆಸರು ಹೇಳಿದರೆ ಸಕ್ಕರೆ ಕಾರ್ಖಾನೆಗಳೇ ನೆನಪಿಗೆ ಬರುತ್ತವೆ. ಸಾವಿರಾರು ಕುಟುಂಬಗಳ ಅನ್ನ ಈ ಉದ್ಯಮದಿಂದ ಬರುತ್ತದೆ. ಅವುಗಳಲ್ಲಿ ಶ್ರಾವಕ ಕುಟುಂಬಗಳೂ ಕಡಿಮೆಯಿಲ್ಲ.

ಅಂಥ ಕುಟುಂಬಗಳಲ್ಲೊಂದು ಅಥಣಿ ತಾಲೂಕಿನ ಒಂದು ಹಳ್ಳಿಯಲ್ಲಿದೆ. ಎಂಟು ಎಕರೆ ಕಬ್ಬು, ಎರಡು ಟ್ಯಾಂಕರ್ ಲಾರಿ, ಬ್ಯಾಂಕಿನ ಕಂತು. ತಂದೆ ಊರ ಬಸದಿಯ ಟ್ರಸ್ಟಿನ ಸದಸ್ಯ. ಮಗ ಪದವೀಧರ, ಲಾರಿಗಳ ವ್ಯವಹಾರ ಅವನದು. ಅಜ್ಜಿಗೆ ಎಂಬತ್ತು ದಾಟಿದೆ. ಬೆಳಗಿನ ನೀರು ಸೋಸುವ ಕೆಲಸವನ್ನು ಆಕೆ ಇನ್ನೂ ಸೊಸೆಯ ಕೈಗೆ ಬಿಟ್ಟುಕೊಟ್ಟಿಲ್ಲ.

2025ರ ಕಬ್ಬಿನ ಹಂಗಾಮಿನಲ್ಲಿ ಒಬ್ಬ ದಲ್ಲಾಳಿ ಆ ಮನೆಗೆ ಬಂದ. ದೂರದ ಒಂದು ಮದ್ಯಸಾರ ಘಟಕದ ತ್ಯಾಜ್ಯವನ್ನು ರಾತ್ರಿ ಹೊತ್ತು ತುಂಬಿಕೊಂಡು ಹೋಗಿ, ತೋರಿಸಿದ ಹಳ್ಳದಲ್ಲಿ ಬಿಟ್ಟು ಬರಬೇಕು. ಬಾಡಿಗೆ ಹಗಲಿನ ಮೂರು ಪಟ್ಟು. ಮಗ ಹಿಂಜರಿದುದನ್ನು ಕಂಡು ಆತ ಸಮಾಧಾನ ಹೇಳಿದ: “ಅಂಜಬ್ಯಾಡ್ರಿ ಅಣ್ಣಾರ. ಮೊದಲಿನಂಗ ಈಗ ಜೈಲಿಲ್ಲ. ಕಾಯ್ದೆ ಬದಲಾಗೇತಿ. ಸಿಕ್ಕರ ದಂಡ ಅಷ್ಟ. ಆ ದಂಡ ನಾವು ಕಟ್ಟತೀವಿ.”

ಆ ಮಾತು ಪೂರ್ತಿ ಸುಳ್ಳಾಗಿದ್ದರೆ ಈ ಲೇಖನದ ಅವಶ್ಯಕತೆಯಿರಲಿಲ್ಲ. ಅರ್ಧ ಸತ್ಯವಾದುದರಿಂದಲೇ ಅದನ್ನು ಬಿಡಿಸಿ ನೋಡಬೇಕಾಗಿದೆ.

ನಮ್ಮ ದೇಶದಲ್ಲಿ ಜಲಮಾಲಿನ್ಯ ನಿವಾರಣೆಯ ಕಾಯ್ದೆ ಬಂದುದು 1974ರಲ್ಲಿ. ವಾಯುಮಾಲಿನ್ಯದ ಕಾಯ್ದೆ 1981ರಲ್ಲಿ. ಭೋಪಾಲದ ದುರಂತದ ತರುವಾಯ, 1986ರಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆ ಬಂದಿತು. ಈ ಕೊನೆಯ ಕಾಯ್ದೆಯನ್ನು ಮೀರಿದವನಿಗೆ ಐದು ವರ್ಷಗಳವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ಜುಲ್ಮಾನೆ, ಇಲ್ಲವೆ ಎರಡೂ ವಿಧಿಸಬಹುದಾಗಿತ್ತು. 2023ರ ಜನವಿಶ್ವಾಸ ಕಾಯ್ದೆ ಇದನ್ನು ಬದಲಿಸಿತು. 2024ರ ಏಪ್ರಿಲ್ 1ರಿಂದ ಸೆರೆವಾಸದ ಸ್ಥಾನದಲ್ಲಿ 10,000 ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿತು. ದಂಡವನ್ನು ನಿರ್ಧರಿಸುವವನು ನ್ಯಾಯಾಧೀಶನಲ್ಲ, ಸರಕಾರ ನೇಮಿಸಿದ ನಿರ್ಣಯಾಧಿಕಾರಿ. 1974ರ ಜಲ ಕಾಯ್ದೆಗೂ 2024ರಲ್ಲಿ ಇದೇ ಬಗೆಯ ತಿದ್ದುಪಡಿಯಾಯಿತು. ಅದು ಮೊದಲು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸಿತು. ಉಳಿದ ರಾಜ್ಯಗಳಿಗೆ ಅವುಗಳ ಶಾಸನಸಭೆಗಳ ನಿರ್ಣಯದ ಮೂಲಕ ಅನ್ವಯಿಸತಕ್ಕದ್ದು. ಅಲ್ಪಮಾಲಿನ್ಯದ ‘ಬಿಳಿ’ ವರ್ಗದ ಉದ್ಯಮಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರದ ಅಗತ್ಯವನ್ನೇ 2024ರ ನವೆಂಬರಿನಲ್ಲಿ ತೆಗೆದುಹಾಕಲಾಯಿತು.

ಈ ಬದಲಾವಣೆಯನ್ನು ಕೇವಲ ಸಡಿಲಿಕೆಯೆಂದು ಜರೆಯುವುದು ನ್ಯಾಯವಲ್ಲ. ಒಂದು ಅರ್ಜಿ ತಡವಾದುದಕ್ಕೆ ಸಣ್ಣ ಉದ್ಯಮಿ ವರ್ಷಗಟ್ಟಲೆ ಫೌಜದಾರಿ ಕೋರ್ಟಿನ ಮೆಟ್ಟಿಲು ತುಳಿಯುವುದು, ಜೈಲಿನ ಹೆಸರು ಹೇಳಿ ಕೆಳಗಿನವರು ಕೈಯೊಡ್ಡುವುದು, ಅಷ್ಟಾಗಿಯೂ ನಿಜವಾದ ಅಪರಾಧಿಗೆ ಶಿಕ್ಷೆ ತಲುಪದಿರುವುದು, ಇವೆಲ್ಲ ವ್ಯಾಪಾರಿಗಳಿಗೆ ಗೊತ್ತಿದ್ದ ಸಂಗತಿಗಳೇ. ಬೇಗ ನಿರ್ಧಾರವಾಗುವ ದಂಡ, ಎಂದೂ ಬಾರದ ಸೆರೆವಾಸಕ್ಕಿಂತ ಮೇಲೆಂಬ ವಾದದಲ್ಲಿ ತಿರುಳಿದೆ.

ಹಾಗೆಂದು ದಲ್ಲಾಳಿಯ ಮಾತು ನಿಜವಾಗಲಿಲ್ಲ. ವಿಧಿಸಿದ ದಂಡವನ್ನು ಅವಧಿಯೊಳಗೆ ಕಟ್ಟದವನಿಗೆ ಸೆರೆವಾಸ ಈಗಲೂ ಇದೆ. ಮಂಡಳಿಯ ಸಮ್ಮತಿ ಬೇಕಾದ ಉದ್ಯಮವನ್ನು ಅದಿಲ್ಲದೆ ನಡೆಸಿದವನಿಗೆ ಜಲ ಕಾಯ್ದೆಯ ಸೆರೆವಾಸವನ್ನು 2024ರ ತಿದ್ದುಪಡಿಯೂ ಕೈಬಿಡಲಿಲ್ಲ. ಕೆಡಿಸಿದವನೇ ಸರಿಪಡಿಸುವ ವೆಚ್ಚವನ್ನು ಭರಿಸಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿಯೇ ಹೇಳಿತ್ತು; ಅಂಥ ಪರಿಹಾರವನ್ನು ವಸೂಲು ಮಾಡುವ ಅಧಿಕಾರ ಮಾಲಿನ್ಯ ನಿಯಂತ್ರಣ ಮಂಡಳಿಗಳಿಗೇ ಇದೆಯೆಂದು 2025ರ ಆಗಸ್ಟಿನಲ್ಲಿ ತೀರ್ಪಿತ್ತಿತು. ಮೇಲಾಗಿ 15 ಲಕ್ಷವೆಂಬುದು ಎಲ್ಲರಿಗೂ ಒಂದೇ 15 ಲಕ್ಷವಲ್ಲ. ದೊಡ್ಡ ಘಟಕಕ್ಕೆ ಅದು ಖರ್ಚಿನ ಒಂದು ಬಾಬು. ಎರಡು ಲಾರಿಯವನಿಗೆ ಮನೆಮಾರು. ದಂಡ ಬಂದ ದಿನ ದಲ್ಲಾಳಿ ಎಲ್ಲಿರುತ್ತಾನೆಂಬುದನ್ನು ಯಾರೂ ಬರೆದುಕೊಟ್ಟಿರುವುದಿಲ್ಲ.

ಇಷ್ಟು ಲೆಕ್ಕವನ್ನು ಮಗನೂ ಹಾಕಿದ. ಇನ್ನೊಂದು ಲೆಕ್ಕವನ್ನು ಅವನ ತಂದೆ ಹಾಕಿಸಿದರು.

ಕಾಕಂಬಿಯಿಂದ ಒಂದು ಲೀಟರು ಮದ್ಯಸಾರ ತೆಗೆದರೆ ಎಂಟರಿಂದ ಹದಿನೈದು ಲೀಟರಿನಷ್ಟು ಕಂದು ಬಣ್ಣದ, ಬಿಸಿಯಾದ, ಆಮ್ಲೀಯ ದ್ರವ ಉಳಿಯುತ್ತದೆ. ಸ್ಪೆಂಟ್‌ವಾಶ್ ಎಂದು ಅದರ ಹೆಸರು. ಅದು ಮೂಲತಃ ವಿಷವಲ್ಲ, ಕಬ್ಬಿನದೇ ಸಾರ. ಅದರಿಂದ ಅನಿಲ ತೆಗೆಯಬಹುದು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಜೊತೆ ಕೊಳೆಸಿ ಗೊಬ್ಬರ ಮಾಡಬಹುದು. ಆವಿಯಾಗಿಸಿ ಗಟ್ಟಿಮಾಡಿ ಬಾಯ್ಲರಿನಲ್ಲಿ ಉರಿಸಬಹುದು. ಆದುದರಿಂದಲೇ ಇಂಥ ಘಟಕಗಳು ಒಂದು ಹನಿಯನ್ನೂ ಹೊರಬಿಡಬಾರದೆಂಬ ನಿಯಮ. ಆದರೆ ಅದನ್ನು ಹಸಿಯಾಗಿ ನೀರಿಗೆ ಸುರಿದರೆ, ಅದನ್ನು ಕೊಳೆಸುವ ಭರದಲ್ಲಿ ಅಣುಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನು, ಕಪ್ಪೆಮರಿ, ಹುಳು, ಎಲ್ಲವೂ ಉಸಿರುಗಟ್ಟಿ ಸಾಯುತ್ತವೆ. ಹೀಗೆ ಬೇಕಾಗುವ ಆಮ್ಲಜನಕದ ಅಳತೆ ನದಿಗೆ ಬಿಡುವ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಮನ್ನು ಮೀರಬಾರದು. ಹಸಿ ಸ್ಪೆಂಟ್‌ವಾಶಿನಲ್ಲಿ ಅದು ಸಾಮಾನ್ಯವಾಗಿ 40,000ವನ್ನು ದಾಟುತ್ತದೆ. ಹತ್ತು ಸಾವಿರ ಲೀಟರಿನ ಒಂದು ಟ್ಯಾಂಕರನ್ನು ಆ ಮಿತಿಗೆ ಇಳಿಸಬೇಕಾದರೆ ಒಂದು ಕೋಟಿ ಮೂವತ್ತು ಲಕ್ಷ ಲೀಟರಿಗಿಂತ ಹೆಚ್ಚು ಶುದ್ಧ ನೀರು ಬೇಕು. ಬೇಸಿಗೆಯಲ್ಲಿ ಕೊಯ್ನಾದಿಂದ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಕೇಳಿಕೊಳ್ಳುವ ಸೀಮೆಯಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕು?

ಗೃಹಸ್ಥನ ಹಿಂಸೆಯನ್ನು ನಮ್ಮ ಪರಂಪರೆ ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದೆ. ಉಳುವವನೂ ವ್ಯಾಪಾರಿಯೂ ಹಿಂಸೆಯಿಂದ ಪೂರ್ತಿ ಮುಕ್ತರಾಗಲಾರರು. ಆದಷ್ಟು ಕಡಿಮೆ ಮಾಡಿಕೊಳ್ಳುವುದು ಅವರ ಧರ್ಮ. ಟ್ಯಾಂಕರಿನ ಈ ಸುರಿತವನ್ನು ಉದ್ಯೋಗಿ ಹಿಂಸೆಯೆಂದು ಬಿಡಬಹುದೆ? ಉದ್ಯೋಗ ನಡೆಯಲು ಅದು ಅನಿವಾರ್ಯವಾಗಿದ್ದರೆ ಬಿಡಬಹುದಿತ್ತು. ಬೇರೆ ದಾರಿ ಇದ್ದೂ, ಅದರ ಖರ್ಚು ಉಳಿಸುವುದಕ್ಕಾಗಿ, ಜೀವಗಳು ಸಾಯುವುವೆಂದು ತಿಳಿದೂ, ಕತ್ತಲೆಯನ್ನು ಆರಿಸಿಕೊಂಡು ಮಾಡಿದ ಕೃತ್ಯ ಸಂಕಲ್ಪಕ್ಕೆ ಬಹಳ ಸಮೀಪ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸುತ್ತದೆ. ನೆಲ, ನೀರು, ಬೆಂಕಿ, ಗಾಳಿ, ಸಸ್ಯಗಳನ್ನು ನಿಷ್ಪ್ರಯೋಜನವಾಗಿ ಹಿಂಸಿಸುವುದೇ ಅದು. ಜಲ ಕಾಯ್ದೆ, ವಾಯು ಕಾಯ್ದೆಗಳು ಅಪ್ಕಾಯ, ವಾಯುಕಾಯಗಳನ್ನು ಜೀವವೆಂದು ಅರಿತು ಬರೆದವಲ್ಲ. ಆದರೆ ಅವು ಕಾಯುತ್ತಿರುವುದು ಅವುಗಳನ್ನೇ.

ಹಿಂಸೆಯನ್ನು ತಾನೇ ಮಾಡುವುದು, ಮಾಡಿಸುವುದು, ಮಾಡಿದುದನ್ನು ಅನುಮೋದಿಸುವುದು ಮೂರೂ ಬಂಧಕ್ಕೆ ಕಾರಣ. “ದಂಡ ನಾವು ಕಟ್ಟತೀವಿ” ಎಂಬ ಮಾತು ಇಲ್ಲಿ ಸಂಪೂರ್ಣ ಸೋಲುತ್ತದೆ. ಸರಕಾರದ ದಂಡವನ್ನು ಒಬ್ಬನ ಪರವಾಗಿ ಇನ್ನೊಬ್ಬ ಕಟ್ಟಬಹುದು. ಕರ್ಮವನ್ನು ಹಾಗೆ ಕಟ್ಟಿ ರಸೀದಿ ಪಡೆಯುವ ವ್ಯವಸ್ಥೆ ಜಿನಶಾಸನದಲ್ಲಿಲ್ಲ.

ಮೊದಲು ಕಟ್ಟಿ, ಆಮೇಲೆ ಅನುಮತಿ ಪಡೆಯುವ ವಿಚಾರವೂ ಈಚೆಗೆ ಚರ್ಚೆಯಲ್ಲಿದೆ. ಪೂರ್ವಾನುಮತಿಯಿಲ್ಲದೆ ಆರಂಭಿಸಿದ ಯೋಜನೆಗಳಿಗೆ ತರುವಾಯ ಪರಿಸರ ಅನುಮತಿ ಕೊಡುವ ಕ್ರಮವನ್ನು ಸುಪ್ರೀಂ ಕೋರ್ಟು 2025ರ ಮೇ 16ರಂದು ರದ್ದುಪಡಿಸಿತು. ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಒಬ್ಬರ ಭಿನ್ನಮತದೊಡನೆ, ಆ ತೀರ್ಪನ್ನು ಹಿಂಪಡೆದು ವಿಷಯವನ್ನು ಹೊಸದಾಗಿ ಆಲಿಸಬೇಕೆಂದಿತು. ಕಾನೂನಿನ ಗುಣದೋಷ ಬಲ್ಲವರು ನೋಡಲಿ. ಶ್ರಾವಕನಿಗೆ ಪ್ರತಿಕ್ರಮಣದ ಅರ್ಥ ತಿಳಿದಿದೆ. ಆದ ತಪ್ಪನ್ನು ಆಲೋಚನೆಯಿಂದ ಒಪ್ಪಿಕೊಳ್ಳುವುದು, ಅದರಿಂದ ಹಿಂದೆ ಸರಿಯುವುದು, ಮುಂದೆ ಮಾಡೆನೆಂದು ಪ್ರತ್ಯಾಖ್ಯಾನ ಮಾಡುವುದು, ಈ ಮೂರೂ ಕೂಡಿದರೆ ಮಾತ್ರ ಅದಕ್ಕೆ ಬೆಲೆ. ಪ್ರಾಯಶ್ಚಿತ್ತ ಇದೆಯೆಂಬ ಧೈರ್ಯದಿಂದಲೇ ತಪ್ಪಿಗೆ ಇಳಿದವನು ಪ್ರಾಯಶ್ಚಿತ್ತವನ್ನೂ ಸರಕನ್ನಾಗಿ ಮಾಡಿಕೊಂಡಂತೆ.

ಮಗ ಆ ಬಾಡಿಗೆಯನ್ನು ಒಪ್ಪಲಿಲ್ಲ. ಇದರಿಂದ ಅವನ ಕಂತು ಹಗುರವಾಗಲಿಲ್ಲ. ಆ ಹಂಗಾಮಿನಲ್ಲಿ ಒಂದು ಲಾರಿಯನ್ನು ಮಾರಬೇಕಾಯಿತು. ಅದೇ ಹಳ್ಳದ ದಾರಿಯಲ್ಲಿ ಬೇರೆ ಯಾರದೋ ಟ್ಯಾಂಕರು ಹೋಗಿಬರುತ್ತಿದೆಯೆಂದು ಊರಲ್ಲಿ ಮಾತು ಹಬ್ಬಿತು. ಹಾಗಾದರೆ ತಾನು ಬಿಟ್ಟುದರಿಂದ ಉಳಿದ ಜೀವ ಯಾವುದು ಎಂದು ಅವನು ತಂದೆಯನ್ನು ಕೇಳಿದ. “ಹಳ್ಳ ಉಳೀಲಿಲ್ಲ ಖರೆ. ನಿನ್ನ ಕೈ ಉಳೀತು. ಇನ್ನ ಆ ಕೈಲೆ ಮಂಡಳಿಗೆ ಒಂದು ಅರ್ಜಿ ಬರಿ,” ಎಂದರು ತಂದೆ. ಅವನು ಬರೆದ.

ಆ ತಂದೆಗೆ ಹೆಚ್ಚಿನ ಪರೀಕ್ಷೆ ಬಂದುದು ಬಸದಿಯ ಟ್ರಸ್ಟಿನಲ್ಲಿ. ಪಂಚಕಲ್ಯಾಣ ಮಹೋತ್ಸವಕ್ಕೆ ದೇಣಿಗೆ ಕೂಡಿಸುತ್ತಿದ್ದರು. ದೊಡ್ಡ ಮೊತ್ತವೊಂದು ಆ ಘಟಕದ ಸಂಬಂಧಿಕರಿಂದಲೇ ಬರುವುದಿತ್ತು. ಅದನ್ನು ಸ್ವೀಕರಿಸಬಾರದೆಂದು ಅವರು ಸಭೆಯಲ್ಲಿ ಹೇಳಿದರು. ಒಬ್ಬ ಹಿರಿಯರು, “ಎಲ್ಲಾರ ರೊಕ್ಕದ ಬೇರು ಕೆದರಾಕ ಹೋದರ ಗುಡಿ ಕಳಸ ಕಾಣೂದಿಲ್ಲಪಾ,” ಎಂದರು. ಇನ್ನೊಬ್ಬರ ಮಾತು ಮತ್ತಷ್ಟು ನಾಟಿತು: “ನಮ್ಮ ಅನ್ನಸಂತರ್ಪಣಿ ಪ್ಲಾಸ್ಟಿಕ್ ಗ್ಲಾಸು, ಥರ್ಮಾಕೋಲ್ ತಾಟು ಎಲ್ಲಿ ಹೋಗತಾವು? ಬಸದಿ ಹಿಂದ ನಾವ ಸುಡತೀವಿ.”

ಸಭೆ ಮೌನವಾಯಿತು. ಅಂಥ ತಾಟು, ಲೋಟ, ಚಮಚಗಳನ್ನು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ. ಅದನ್ನು ತಿಳಿಯದವರು ಆ ಸಭೆಯಲ್ಲಿ ಯಾರೂ ಇರಲಿಲ್ಲ. ಕಾಯ್ದೆಯ ಅಂಜಿಕೆ ಬಸದಿಯ ಹಿತ್ತಲಿನವರೆಗೆ ಬಂದಿರಲಿಲ್ಲ, ಅಷ್ಟೇ. ಕೊನೆಗೆ ಎರಡು ನಿರ್ಣಯಗಳಾದವು. ಉತ್ಸವಕ್ಕೆ ಸ್ಟೀಲಿನ ತಾಟು-ಲೋಟಗಳನ್ನು ಕೊಳ್ಳುವುದು. ತೊಳೆದ ನೀರಿಗೆ ಇಂಗುಗುಂಡಿ ತೋಡುವುದು. ದೇಣಿಗೆಯ ವಿಷಯ ಇತ್ಯರ್ಥವಾಗಲಿಲ್ಲ. ಮುಂದಿನ ಸಭೆಗೆ ಹೋಯಿತು. ತಂದೆ ತಮ್ಮ ಅಸಮ್ಮತಿಯನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿದರು.

ಅನೇಕ ಟ್ರಸ್ಟುಗಳ ಮುಂದೆ ಇಂದು ಇದೇ ಪ್ರಶ್ನೆಯಿದೆ. ದೇಣಿಗೆಯ ಲೆಕ್ಕಕ್ಕೆ ಆಡಿಟರ್ ಬರುತ್ತಾರೆ. ಉದ್ಯಮಗಳ ಪರಿಸರ ಲೆಕ್ಕಕ್ಕೂ ಪರಿಶೋಧಕರು ಬರುವ ನಿಯಮ 2025ರ ಆಗಸ್ಟಿನಲ್ಲಿ ಹೊರಟಿದೆ. ಅಂತಃಕರಣದ ಲೆಕ್ಕಕ್ಕೆ ಮಾತ್ರ ಹೊರಗಿನವರು ಬರಲಾರರು. ಸಂವಿಧಾನವು 1976ರಲ್ಲಿ ಸೇರಿಸಿಕೊಂಡ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಮೇಲಣ ಕರುಣೆಯೂ ಒಂದು; ಅದನ್ನು ಮೀರಿದವನಿಗೆ ಅಲ್ಲಿ ಶಿಕ್ಷೆಯನ್ನು ಹೇಳಿಲ್ಲ. ಅಣುವ್ರತವೂ ಹಾಗೆಯೇ. ಅಂಜಿಕೆಯಿಂದ ಪಾಲಿಸಿದ ಕಾಯ್ದೆ ಅಂಜಿಕೆ ಇರುವ ತನಕ. ಅರಿತು ಹಿಡಿದ ವ್ರತ ಕಾಯ್ದೆ ಸಡಿಲಿದರೂ ಸಡಿಲದು. ಸೆರೆವಾಸ ಹೋಗಿ ದಂಡ ಬಂದ ಈ ಕಾಲವು, ಇಷ್ಟು ದಿನ ನಮ್ಮನ್ನು ತಡೆದದ್ದು ಯಾವುದೆಂದು ನೋಡಿಕೊಳ್ಳುವ ಅವಕಾಶವನ್ನು ಕೊಟ್ಟಿದೆ.

ಆ ಮನೆಯಲ್ಲಿ ಈಗ ಕೊಳವೆಬಾವಿಯ ನೀರು. ಅಜ್ಜಿ ಅದನ್ನೂ ಸೋಸುತ್ತಾಳೆ. ಆದರೆ ನಾನ್ನೂರು ಅಡಿ ಆಳದ ಕೊಳವೆಗೆ ಬಟ್ಟೆಯ ಜೀವಗಳನ್ನು ಮರಳಿ ಬಿಡುವುದು ಹೇಗೆ? ಹಿತ್ತಲಿನ ಹಳೆಯ ಬಾವಿಯಲ್ಲಿ ಮೊಳಕಾಲುದ್ದ ನೀರಿದೆ. ಆಕೆ ದಿನವೂ ತಂಬಿಗೆ ಹಿಡಿದು ಅಲ್ಲಿಯವರೆಗೆ ನಡೆಯುತ್ತಾಳೆ. ಹಗ್ಗದಿಂದ ತಂಬಿಗೆಯನ್ನು ನೀರ ಮಟ್ಟಕ್ಕೆ ಇಳಿಸಿ, ಸಪ್ಪಳವಾಗದಂತೆ ಬಗ್ಗಿಸುತ್ತಾಳೆ. ಮೇಲಿನಿಂದ ಸುರಿದರೆ ಪೆಟ್ಟಾಗುತ್ತದೆಂದು ಅವಳ ಅಂಜಿಕೆ. ಈಚೆಗೆ ಮೆಟ್ಟಿಲಿಳಿಯುವಾಗ ಮೊಮ್ಮಗ ಆಕೆಯ ಕೈ ಹಿಡಿದುಕೊಳ್ಳುತ್ತಾನೆ. “ನೀ ಹಗ್ಗ ಹಿಡಿ ತಮ್ಮಾ,” ಎನ್ನುತ್ತಾಳೆ ಅಜ್ಜಿ, “ಕೈ ನಡುಗತಾವು, ಬಗ್ಗಸೂದು ನೀನ ಕಲಿ.”