ಗುಲಗಂಜಿಯೂ ಸೌದೆಯ ತಕ್ಕಡಿಯೂ

ಚಾಮರಾಜಪೇಟೆಯವರಿಗೆ ಶ್ರೀರಾಮನವಮಿಯೆಂದರೆ ಪಾನಕ ಕೋಸಂಬರಿಗಳಷ್ಟೇ ಅಲ್ಲ, ಸಂಗೀತವೂ ಹೌದು. 1939ರಲ್ಲಿ ಮೊದಲಾದ ಶ್ರೀರಾಮಸೇವಾ ಮಂಡಲಿಯ ಉತ್ಸವವು ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇಂತಹ ದೊಡ್ಡ ಕಛೇರಿಗಳಲ್ಲಿ ನನ್ನ ಕಿವಿ ಮೊದಲು ಅರಸುವುದು ತಂಬೂರಿಯನ್ನು. ಮೃದಂಗದ ಅಬ್ಬರದ ನಡುವೆಯೂ ಶ್ರುತಿ ಕೇಳಿಸಿದರೆ ಮನಸ್ಸಿಗೆ ಸಮಾಧಾನ. ಅದು ಮುಳುಗಿದರೆ ಗಾನವೇ ನೆಲೆತಪ್ಪಿದಂತೆ. ಈ ಶ್ರುತಿಯನ್ನು ಕಾಯುವ ಕೆಲಸವು ಈಗ ಬಹುಮಟ್ಟಿಗೆ ಅಂಕಗಣಿತದ ಪಾಲಿಗೆ ಬಂದಿದೆ.

ಇಂದಿನ ಮಿಕ್ಸರ್ ಯಂತ್ರವು ಪ್ರತಿಯೊಂದು ಮೈಕಿನ ನಾದವನ್ನೂ ಸಾಮಾನ್ಯವಾಗಿ ಸೆಕೆಂಡಿಗೆ 48,000 ಸಲ ಅಳೆದು ಸಂಖ್ಯೆಯಾಗಿ ಬರೆದುಕೊಳ್ಳುತ್ತದೆ. ನಾದಗಳನ್ನು ಬೆರೆಸುವುದೆಂದರೆ ಆ ಸಂಖ್ಯೆಗಳನ್ನು ಕೂಡುವುದು. ಕೂಡುವುದರಲ್ಲಿ ಕಷ್ಟವೇನೆಂದು ವಾಚಕರು ಕೇಳಬಹುದು. ಸೊನ್ನೆ ಅಥವಾ ಒಂದು ಮಾತ್ರ ನಿಲ್ಲುವ ಮನೆಗೆ ಬಿಟ್ ಎಂದು ಹೆಸರು. 16 ಬಿಟ್‌ಗಳ ಪೂರ್ಣಾಂಕದಲ್ಲಿ ಹಿಡಿಸುವ ಅತ್ಯಧಿಕ ಸಂಖ್ಯೆ 32,767. ಗಾಯಕರದು 20,000, ಮೃದಂಗದ್ದು 20,000 ಆದರೆ ಮೊತ್ತಕ್ಕೆ ಸ್ಥಳವಿಲ್ಲ. ಎಲ್ಲೆಯಲ್ಲಿಯೇ ಕತ್ತರಿಸಿದರೆ ನಾದ ಒಡೆಯುತ್ತದೆ. ಕತ್ತರಿಸದೆ ಬಿಟ್ಟರೆ 40,000 ಎಂಬುದು −25,536 ಆಗಿ ಮಗುಚಿಕೊಂಡು ಕರ್ಕಶವಾಗುತ್ತದೆ. ಇದಕ್ಕಂಜಿ ಎಲ್ಲವನ್ನೂ ಮೊದಲೇ ತಗ್ಗಿಸಿದರೆ, ಮೆಲ್ಲನೆ ನುಡಿಯುವ ತಂಬೂರಿಯ ಸೂಕ್ಷ್ಮಗಳೇ ಅಳಿಯುತ್ತವೆ.

ಈ ಸಂಕಟವನ್ನು ಕಳೆಯಲು ಅನೇಕ ಯಂತ್ರಗಳಲ್ಲಿ ತೇಲುವ ಬಿಂದುವಿನ ಗಣಿತವನ್ನು ಬಳಸುತ್ತಾರೆ. ಹಿಂದೆ ಚಿನ್ನವನ್ನು ಗುಲಗಂಜಿಯಿಂದಲೂ ಸೌದೆಯನ್ನು ಮಣದಿಂದಲೂ ತೂಗುತ್ತಿದ್ದರಷ್ಟೆ. ಈ ಗಣಿತವೂ ಹಾಗೆಯೇ ಸಂಖ್ಯೆ ಹಿರಿದಾದಂತೆ ತೂಕದ ಕಲ್ಲನ್ನು ಬದಲಾಯಿಸಿಕೊಳ್ಳುತ್ತದೆ. 1985ರಲ್ಲಿ ಗೊತ್ತಾದ ನಿಯಮದಂತೆ 32 ಬಿಟ್‌ಗಳಲ್ಲಿ ಒಂದು ಧನ ಋಣಗಳ ಚಿಹ್ನೆಗೆ, 8 ಕಲ್ಲಿನ ಆಯ್ಕೆಗೆ, ಉಳಿದ 23 ಅಂಕಿಗಳಿಗೆ ಮೀಸಲು. ಕಛೇರಿಯಲ್ಲಿ ಬರಬಹುದಾದ ಯಾವ ಮೊತ್ತಕ್ಕೂ ಇದರಲ್ಲಿ ಸ್ಥಳವುಂಟು. ಕೊನೆಯಲ್ಲಿ ತಗ್ಗಿಸಿಕೊಂಡರೆ ಸಾಕು.

ಆದರೆ ಸೌದೆಯ ತಕ್ಕಡಿಯಲ್ಲಿ ಗುಲಗಂಜಿಯನ್ನಿಟ್ಟರೆ ಮುಳ್ಳು ಅಲುಗುವುದೆ? ಈ 32 ಬಿಟ್‌ಗಳ ಗಣಿತದಲ್ಲಿ 1,67,77,216ಕ್ಕೆ 1 ಕೂಡಿದರೆ ಮೊತ್ತವು 1,67,77,216 ಆಗಿಯೇ ಉಳಿಯುತ್ತದೆ! ಹಿರಿದರ ಪಕ್ಕದಲ್ಲಿ ಕಿರಿದು ಸದ್ದಿಲ್ಲದೆ ಮಾಯವಾಗುತ್ತದೆ. ಒಂದು ಸಲದ ಇಂತಹ ನಷ್ಟ ಕಿವಿಗೆ ತಿಳಿಯುವಂತಹುದಲ್ಲ. ಆದರೆ ನಾದವನ್ನು ತಿದ್ದುವ ಕೆಲವು ಶೋಧಕಗಳು ತಮ್ಮ ಫಲವನ್ನೇ ಮತ್ತೆ ಮತ್ತೆ ಒಳಗೆ ತೆಗೆದುಕೊಳ್ಳುತ್ತವೆ. ಅಲ್ಲಿ ತಪ್ಪು ಬೆಳೆಯುತ್ತ ಹೋಗಬಹುದು. ಆದಕಾರಣ ಬಲ್ಲವರು ಅಂತಹ ಕಡೆಗಳಲ್ಲಿ 64 ಬಿಟ್‌ಗಳ ಗಣಿತವನ್ನು ಇಡುತ್ತಾರೆ.

ಇನ್ನೊಂದು ಮಾತು. ಈ ಔದಾರ್ಯವೆಲ್ಲ ಯಂತ್ರದ ಒಳಮನೆಯದು. ಮೈಕಿನಿಂದ ಒಳಬರುವ ಬಾಗಿಲಿಗೂ ಧ್ವನಿವರ್ಧಕಕ್ಕೆ ಹೊರಡುವ ಬಾಗಿಲಿಗೂ ಎತ್ತರದ ಮಿತಿಯುಂಟು. ಒಳಬರುವಾಗಲೇ ಒಡೆದ ನಾದವನ್ನು ಮುಂದಿನ ಯಾವ ಕೂಡಿಕೆಯೂ ಮೊದಲಿನಂತೆ ಮಾಡಲಾರದು. ಗಣಿತವು ಎಲ್ಲರಿಗೂ ಸ್ಥಳ ಮಾಡಿಕೊಡಬಲ್ಲದು. ಯಾರಿಗೆ ಎಷ್ಟು ಸ್ಥಳವೆಂಬುದನ್ನು ಯಂತ್ರದ ಮುಂದೆ ಕುಳಿತವರು ಕಿವಿಗೊಟ್ಟೇ ಅರಿಯಬೇಕು. ಅವರು ಗಟ್ಟಿಯಾದುದಕ್ಕಿಂತ ಮೊದಲು ಮೆಲ್ಲನೆಯದನ್ನು ವಿಚಾರಿಸಿಕೊಳ್ಳಲಿ ಎಂಬುದಿಷ್ಟೇ ಕೇಳುವವರ ಬಿನ್ನಹ.