ಕಿಡಿಯ ಹದ

ನಮ್ಮ ಕಡೆ ಲಾರಿ ಎಂದರೆ ಡೀಸೆಲ್. ಗಾಳಿಯನ್ನು ಒತ್ತಿದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುವುದರಿಂದ ಅಲ್ಲಿ ಸ್ಪಾರ್ಕ್ ಪ್ಲಗ್ಗಿನ ಮಾತೇ ಬರುವುದಿಲ್ಲ. ಪ್ಲಗ್ ಎಂದರೆ ನಮಗೆ ನೆನಪಾಗುವುದು ಸ್ಕೂಟರು, ಉಪ್ಪುಕಾಗದ, ಬೆಂಗಳೂರಿನ ಮೈಕೋ ಕಂಪನಿ. ಅಮೆರಿಕದ ಹಳೆಯ ಪಿಕಪ್ ಟ್ರಕ್ಕುಗಳ ಕಥೆ ಬೇರೆ. 1970ರ ದಶಕದ ಷೆವರ್ಲೆ ಸಿ-10ನ್ನೇ ತೆಗೆದುಕೊಳ್ಳಿ: ಬಾನೆಟ್ಟಿನಡಿ 350 ಘನ ಇಂಚಿನ, ಅಂದರೆ 5.7 ಲೀಟರಿನ ವಿ-8 ಪೆಟ್ರೋಲ್ ಎಂಜಿನ್, ಅದಕ್ಕೆ ಎಂಟು ಪ್ಲಗ್ಗು. ಇಂಥ ಗಾಡಿಗೆ ಪ್ಲಗ್ ಆರಿಸುವುದು ನನಗೆ ಬಲು ಪ್ರಿಯವಾದ ವಿದ್ಯೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ಲಗ್ ಯಾವುದೆಂದು ಕೇಳುವವರೇ ಹೆಚ್ಚು. ಕೇಳಬೇಕಾದದ್ದು ಈ ಎಂಜಿನ್ನಿಗೆ ಹದವಾದದ್ದು ಯಾವುದೆಂದು.

ಹದ ಎಂದರೆ ಮೊದಲು ಶಾಖದ ಹದ. ಎಣ್ಣೆದೀಪದ ಬತ್ತಿಯನ್ನು ಹೆಚ್ಚು ಚಾಚಿದರೆ ಹೊಗೆ, ಕಮ್ಮಿ ಚಾಚಿದರೆ ಕುಡಿಯೇ ನಿಲ್ಲದು, ಪ್ಲಗ್ಗೂ ಹಾಗೆಯೇ. ಅದರ ಪಿಂಗಾಣಿ ಮೂಗು ಸುಮಾರು 500 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಮೇಲೆ ಕೂತ ಮಸಿ ಸುಟ್ಟುಹೋಗದು. 850 ದಾಟಿದರೆ ಕಿಡಿ ಹಾರುವ ಮೊದಲೇ ಆ ತುದಿಯೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಮೂಗು ಉದ್ದವಿದ್ದರೆ ಶಾಖ ಲೋಹದ ಕವಚ ಸೇರಲು ದೂರ ಸಾಗಬೇಕು, ಅದು ಬಿಸಿ ಪ್ಲಗ್. ಗಿಡ್ಡವಿದ್ದರೆ ತಣ್ಣನೆಯ ಪ್ಲಗ್. ಆರ್45ಟಿಎಸ್ ಎಂಬ ಎಸಿ ಕಂಪನಿಯ ಗುರುತನ್ನು ಬಿಡಿಸಿ ಓದಿದರೆ ಎಲ್ಲ ತಿಳಿಯುತ್ತದೆ: ಆರ್ ಎಂದರೆ ರೇಡಿಯೋದ ಗೊರಗೊರ ತಡೆಯುವ ರೆಸಿಸ್ಟರ್, 4 ಎಂದರೆ 14 ಮಿಲಿಮೀಟರಿನ ತಿರುಪಿನ ಮರೆ, 5 ಶಾಖದ ಅಂಕಿ, ಟಿ ಎಂದರೆ ವಾಷರಿಲ್ಲದ ಇಳಿಜಾರು ಪೀಠ, ಎಸ್ ಎಂದರೆ ಮುಂಚಾಚಿದ ತುದಿ. ಆದರೆ ಎಸಿ, ಚಾಂಪಿಯನ್, ಬಾಷ್‌ಗಳಲ್ಲಿ ಅಂಕಿ ಏರಿದಂತೆ ಪ್ಲಗ್ ಬಿಸಿಯಾಗುತ್ತದೆ. ಎನ್‌ಜಿಕೆ, ಡೆನ್ಸೊಗಳಲ್ಲಿ ತಣ್ಣಗಾಗುತ್ತದೆ. ಇದನ್ನರಿಯದೆ ಕಂಪನಿ ಬದಲಿಸಿದವರು ಬೇಕಾದ್ದಕ್ಕೆ ತದ್ವಿರುದ್ಧವಾದದ್ದನ್ನು ಮನೆಗೆ ತರುತ್ತಾರೆ.

ಎರಡನೆಯದು ಗ್ಯಾಪಿನ ಹದ. ಇಗ್ನಿಷನ್ನಿನಲ್ಲಿ ಪಾಯಿಂಟ್ಸ್ ಇದ್ದ ಕಾಲದಲ್ಲಿ ಇದೇ 350 ಎಂಜಿನ್ನಿಗೆ 0.035 ಇಂಚು ಸಾಕಿತ್ತು. 1975ರ ಹೊತ್ತಿಗೆ ಜನರಲ್ ಮೋಟರ್ಸ್ ಎಚ್‌ಇಐ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ ತಂದು ವೋಲ್ಟೇಜು ಹೆಚ್ಚಿಸಿದಾಗ ಗ್ಯಾಪು 0.060ರವರೆಗೆ ಹಿಗ್ಗಿ, ಆಮೇಲೆ 0.045ರ ಸುಮಾರಿಗೆ ಇಳಿಯಿತು. ಎಂಜಿನ್ ಅದೇ, ಕಿಡಿ ದಾಟುವ ಅಂತರ ಮಾತ್ರ ಬೇರೆ. ಹಳೆಯ ಟ್ರಕ್ಕಿನ ಒಡೆಯ ಈಗಿರುವ ಇಗ್ನಿಷನ್ ಯಾವುದೆಂದು ನೋಡಿಯೇ ಗ್ಯಾಪು ಅಳೆಯುವ ಗೇಜಿನ ತಂತಿ ಆರಿಸಬೇಕು. ಆ ತಂತಿ ಎರಡು ತುದಿಗಳ ನಡುವೆ ಸಡಿಲವೂ ಅಲ್ಲದೆ ಬಿಗಿಯೂ ಅಲ್ಲದೆ ಸವರಿಕೊಂಡು ಜಾರುವಾಗ ಬೆರಳಿಗೆ ತಿಳಿಯುವ ಸಣ್ಣ ತಡೆಯಲ್ಲಿ ಈ ಕೆಲಸದ ಅರ್ಧ ಸುಖವಿದೆ.

ಇರಿಡಿಯಂ ಹಾಕಿದರೆ ಲಕ್ಷ ಮೈಲಿ ಬಾಳುವಾಗ ಈ ತಾಪತ್ರಯವೆಲ್ಲ ಯಾಕೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ನಿಕ್ಕಲ್ 1,455 ಡಿಗ್ರಿಗೆ ಕರಗಿದರೆ ಇರಿಡಿಯಂ ಕರಗಲು 2,400 ಡಿಗ್ರಿ ದಾಟಬೇಕು. ಹಾಗಾಗಿ ಅದರ ತುದಿಯನ್ನು ಸೂಜಿಯಷ್ಟು ಸಣ್ಣಗೆ ಮಾಡಬಹುದು, ಸಣ್ಣ ತುದಿಯಿಂದ ಕಿಡಿ ಕಡಿಮೆ ವೋಲ್ಟೇಜಿಗೇ ಜಿಗಿಯುತ್ತದೆ. ಆದರೆ ಆ ದೀರ್ಘಾಯುಸ್ಸು ಬೇಕಿರುವುದು ಪ್ಲಗ್ ಆಳದಲ್ಲಿ ಹುದುಗಿರುವ, ಬಿಚ್ಚುವುದೇ ದೊಡ್ಡ ಕೆಲಸವಾದ ಹೊಸ ಎಂಜಿನ್ನುಗಳಿಗೆ. ಅಲ್ಲೂ ದೀರ್ಘಾಯುಸ್ಸು ಪುಕ್ಕಟೆಯಲ್ಲ: 2004ರಿಂದ ಕೆಲವು ವರ್ಷ ಫೋರ್ಡ್ ಎಫ್-150ಗೆ ಬಂದ 5.4 ಲೀಟರಿನ ಮೂರು ವಾಲ್ವಿನ ಎಂಜಿನ್ನಿನಲ್ಲಿ ಬಹುಕಾಲ ಕೂತ ಪ್ಲಗ್ಗಿನ ಉದ್ದನೆಯ ಕೆಳತೋಳಿಗೆ ಇಂಗಾಲ ಗಟ್ಟಿ ಕಟ್ಟಿ, ಬಿಚ್ಚುವಾಗ ತುಂಡು ಹೆಡ್ಡಿನೊಳಗೇ ಉಳಿಯುತ್ತಿತ್ತು. ಹಳೆಯ ಟ್ರಕ್ಕಿನ ಪ್ಲಗ್ಗು ವರ್ಷ ವರ್ಷ ಹೊರಬಂದು ತನ್ನ ಮುಖ ತೋರಿಸಲಿ. ಅದಕ್ಕೆ ತಾಮ್ರದ ತಿರುಳಿನ ಅಗ್ಗದ ನಿಕ್ಕಲ್ ಪ್ಲಗ್ಗೇ ಸಾಕು.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ: ಗಾಡಿಯ ಕೈಪುಸ್ತಕ ಬರೆದಾಗ ಎಂಜಿನ್ ಹೊಸದು, ಪೆಟ್ರೋಲಿನಲ್ಲಿ ಸೀಸವಿತ್ತು, ಈಗ ಪಿಸ್ಟನ್ ರಿಂಗು ಸವೆದು ಎಣ್ಣೆ ಮೇಲೇರುತ್ತದೆ, ಹಳೆಯ ಅಂಕಿ ಯಾಕೆ ನಂಬಬೇಕು? ಊರೊಳಗೇ ಸಣ್ಣಪುಟ್ಟ ಓಡಾಟ ಮಾಡುವ ಗಾಡಿಗೆ ಒಂದು ಮೆಟ್ಟಿಲು ಬಿಸಿ ಪ್ಲಗ್ ಹಾಕುವುದು ತಪ್ಪಲ್ಲ. ಆದರೆ ಅದು ಎಣ್ಣೆಯ ಮಸಿಯನ್ನು ಸುಡುತ್ತದೆಯೇ ಹೊರತು ರಿಂಗನ್ನು ಸರಿಮಾಡುವುದಿಲ್ಲ. ಅದೇ ಗಾಡಿ ಹೊರೆ ಹೊತ್ತು ಉದ್ದನೆಯ ಏರು ಹತ್ತಿದರೆ ಪಿಸ್ಟನ್ನಿಗೇ ತೂತು ಬಿದ್ದೀತು. ಆದ್ದರಿಂದ ಪುಸ್ತಕದ ಅಂಕಿಯಿಂದ ಹೊರಡಬೇಕು, ತಿದ್ದುಪಡಿಯನ್ನು ಪ್ಲಗ್ಗಿನಿಂದಲೇ ಕೇಳಬೇಕು. ಬಿಚ್ಚಿದ ಎಂಟನ್ನೂ ಸಿಲಿಂಡರಿನ ಕ್ರಮದಲ್ಲೇ ಹಲಗೆಯ ಮೇಲೆ ಸಾಲಾಗಿ ಇಡಿ. ಒಣಗಿದ ಅಡಿಕೆ ಹಾಳೆಯ ತಿಳಿಕಂದು ಇದ್ದರೆ ಹದ ಕೂಡಿದೆ. ಎಂಟೂ ಒಣ ಮಸಿಯಾಗಿದ್ದರೆ ಕಾರ್ಬ್ಯುರೇಟರನ್ನೋ ಶಾಖದ ಅಂಕಿಯನ್ನೋ ನೋಡಿ. ಎಂಟೂ ಸುಣ್ಣದಂತೆ ಬೆಳ್ಳಗೆ ಬೊಬ್ಬೆಯೆದ್ದಿದ್ದರೆ ಕಾವು ಮೀರಿದೆ. ಏಳು ಕಂದಾಗಿದ್ದು ಒಂದು ಮಾತ್ರ ಎಣ್ಣೆಯಲ್ಲಿ ನೆನೆದಿದ್ದರೆ ಪ್ಲಗ್ ಬದಲಿಸಿ ಫಲವಿಲ್ಲ, ಆ ಸಿಲಿಂಡರಿಗೆ ಕೈಹಾಕಬೇಕು.