ಬಾಗಿಲು ತಟ್ಟುವವರು

ಉಪಾಧ್ಯಾಯವೃತ್ತಿಯಲ್ಲಿ ನಾವು ಕಲಿತ ಮೊದಲ ಕೆಲಸ ಹಾಜರಿ ಕರೆಯುವುದು. ಬಂದವರನ್ನು ಎಣಿಸುವುದಕ್ಕಿಂತ ಬಾರದವನಾರೆಂದು ಅರಿಯುವುದೇ ಅದರ ಹುರುಳೆಂದು ನಮಗೆ ತಿಳಿದುದು ಬಹಳ ತಡವಾಗಿ. ಅದೂ ಶಾಲೆಯಲ್ಲಲ್ಲ, ಇಂಗ್ಲೆಂಡಿನ ವೃದ್ಧರ ವಸತಿಯೊಂದರಲ್ಲಿ.

ನಿವೃತ್ತರಾದ ಬಳಿಕ ಮಗಳ ಮನೆಯಲ್ಲಿ ಕೆಲವು ತಿಂಗಳು ಇರಲೆಂದು ನಾವು ಆ ದೇಶಕ್ಕೆ ಹೋಗಿದ್ದೆವು. ನೆರೆಯಲ್ಲಿದ್ದ ಆ ವಸತಿ ನಮ್ಮ ವೃದ್ಧಾಶ್ರಮದಂತಲ್ಲ. ಒಬ್ಬೊಬ್ಬರಿಗೂ ಬೇರೆ ಮನೆ, ಬೇರೆ ಒಲೆ, ಬೇರೆ ಬೀಗ. ಹಿಂದೆ ಅಲ್ಲಿಯೇ ವಾಸವಾಗಿದ್ದ ವಾರ್ಡನ್ ಒಬ್ಬಾಕೆ ಪ್ರತಿ ಮುಂಜಾನೆ ಬಾಗಿಲು ತಟ್ಟಿ ಎಲ್ಲರನ್ನೂ ವಿಚಾರಿಸುತ್ತಿದ್ದಳಂತೆ. ನಮಗೆ ಪರಿಚಿತರಾದ ವೃದ್ಧೆಯೊಬ್ಬರು, ಅವರೂ ಉಪಾಧ್ಯಾಯಿನಿಯಾಗಿದ್ದವರೇ, ಗೋಡೆಯ ಬಳಿ ತೂಗುತ್ತಿದ್ದ ಕೆಂಪು ದಾರವನ್ನು ತೋರಿಸಿ, “ಈಗ ಇದೇ ನಮ್ಮ ವಾರ್ಡನ್” ಎಂದರು. ಅದನ್ನೆಳೆದರೆ ದೂರದ ಕಚೇರಿಯಿಂದ ಒಂದು ದನಿ ಮಾತನಾಡುತ್ತದೆ.

ಇಂತಹ ಆಸರೆಗಳ ವೆಚ್ಚವನ್ನು 2003ರ ಏಪ್ರಿಲಿನಲ್ಲಿ ‘ಸಪೋರ್ಟಿಂಗ್ ಪೀಪಲ್’ ಎಂಬ ಯೋಜನೆಗೆ ಸೇರಿಸಲಾಯಿತು. ಆ ಹಣವನ್ನು ಆ ಕಾರ್ಯಕ್ಕೇ ಬಳಸಬೇಕೆಂಬ ಕಟ್ಟು ಇಂಗ್ಲೆಂಡಿನಲ್ಲಿ 2009ರಲ್ಲಿ ಹೋಯಿತು. ಅನೇಕ ಸ್ಥಳೀಯ ಮಂಡಳಿಗಳು ವಸತಿಯ ವಾರ್ಡನ್ನರನ್ನು ತೆಗೆದು, ಮನೆಯಿಂದ ಮನೆಗೆ ತಿರುಗುವ ನೌಕರರನ್ನು ನೇಮಿಸಿದವು. ಬಾರ್ನೆಟ್ ಮತ್ತು ಪೋರ್ಟ್ಸ್‌ಮತ್ ಮಂಡಳಿಗಳ ಇಂತಹ ನಿರ್ಣಯಗಳನ್ನು ಅದೇ ಡಿಸೆಂಬರಿನಲ್ಲಿ ಹೈಕೋರ್ಟು ಕಾನೂನುಬಾಹಿರವೆಂದಿತು. ಅಂಗವಿಕಲರ ವಿಷಯದಲ್ಲಿ ಕಾನೂನು ವಿಧಿಸಿದ್ದ ಪರ್ಯಾಲೋಚನೆ ನಡೆದಿರಲಿಲ್ಲ. ವಾರ್ಡನ್ನರು ಎಂದೆಂದಿಗೂ ಇರಲೇಬೇಕೆಂದು ಮಾತ್ರ ಅದು ಹೇಳಲಿಲ್ಲ.

ಸ್ವಂತ ಮನೆಗಳಲ್ಲಿ ಒಂಟಿಯಾಗಿರುವ ವೃದ್ಧರಿಗೂ ನೆರವು ಸಲ್ಲಬೇಡವೆ ಎಂದು ಬದಲಾವಣೆಯನ್ನು ಬಯಸಿದವರು ಕೇಳುತ್ತಿದ್ದರು. ಆ ಮಾತು ನ್ಯಾಯವಾದುದೇ. ಆದರೆ ಆ ವೃದ್ಧೆ ಒಂದು ಮುಂಜಾನೆ ಹಾಸಿಗೆಯ ಬದಿಗೆ ಬಿದ್ದು ಮಧ್ಯಾಹ್ನದವರೆಗೆ ಹಾಗೆಯೇ ಇದ್ದರು. “ದಾರ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟುಕುತ್ತಿರಲಿಲ್ಲ” ಎಂದು ಅವರು ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ. ದಾರವು ಕರೆದವರಿಗೆ ಓಗೊಡುತ್ತದೆ. ಬಾಗಿಲು ತಟ್ಟುವ ಕೈ, ಕರೆಯಲಾರದವರನ್ನೂ ಹುಡುಕುತ್ತದೆ.

ಕಾಸರಗೋಡಿಗೆ ಹಿಂತಿರುಗಿದ ಮೇಲೆ ನಮ್ಮ ಹಳೆಯ ಸಹೋದ್ಯೋಗಿಯೊಬ್ಬರ ನೆನಪಾಯಿತು. ಮಕ್ಕಳು ದೂರದಲ್ಲಿದ್ದಾರೆ, ಮನೆಯಲ್ಲಿ ಅವರೊಬ್ಬರೇ. “ಬೇಕಾದರೆ ಫೋನು ಮಾಡಿರಿ” ಎಂದು ನಂಬರು ಕೊಟ್ಟು ನಾವು ನಿಶ್ಚಿಂತರಾಗಿದ್ದೆವು. ನಾವೂ ಒಂದು ದಾರವನ್ನು ಕಟ್ಟಿ ಬಂದವರೇ ಅಲ್ಲವೆ?

ಈಗ ಹಾಲಿಗೆ ಹೋಗುವಾಗ ಅವರ ಅಂಗಳದಲ್ಲಿ ನಿಂತು ಹೆಸರು ಕರೆಯುತ್ತೇವೆ. “ಹಾಜರ್” ಎಂದು ಒಳಗಿನಿಂದ ಉತ್ತರ ಬರುತ್ತದೆ. ಮೊನ್ನೆ ನಾವು ತಡವಾಗಿ ಹೋದಾಗ, ಅವರೇ ಬೇಲಿಯ ಬಳಿ ನಿಂತು ನಮ್ಮ ದಾರಿ ನೋಡುತ್ತಿದ್ದರು.